ಒಟ್ಟೊ ಲೋವಿ: ನರಸಂಕೇತ ಮತ್ತು ಅದನ್ನು ಕೆಡಿಸುವ ವಿಷ

1936ರ ಡಿಸೆಂಬರ್ ತಿಂಗಳಲ್ಲಿ, 13 ದಿನಗಳ ಅಂತರದಲ್ಲಿ, ಜರ್ಮನ್ ಭಾಷೆಯನ್ನಾಡುವ ಇಬ್ಬರು ವಿಜ್ಞಾನಿಗಳ ಬದುಕಿನಲ್ಲಿ ಎರಡು ಘಟನೆಗಳು ನಡೆದವು. ಡಿಸೆಂಬರ್ 10ರಂದು ಆಸ್ಟ್ರಿಯಾದ ಗ್ರಾತ್ಸ್ ವಿಶ್ವವಿದ್ಯಾನಿಲಯದ ಔಷಧಶಾಸ್ತ್ರ ಪ್ರಾಧ್ಯಾಪಕರಾದ ಒಟ್ಟೊ ಲೋವಿಯವರು ಸ್ಟಾಕ್‌ಹೋಮ್‌ನಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಅವರೊಡನೆ ನೊಬೆಲ್ ಪ್ರಶಸ್ತಿಯನ್ನು ಸ್ವೀಕರಿಸಿದರು. ನರಗಳು ತಮ್ಮ ಸಂದೇಶವನ್ನು ರಾಸಾಯನಿಕ ವಸ್ತುಗಳ ಮೂಲಕ ಮುಟ್ಟಿಸುತ್ತವೆ ಎಂಬುದನ್ನು ತೋರಿಸಿಕೊಟ್ಟದ್ದಕ್ಕೆ ಸಂದ ಗೌರವ ಅದು. ಡಿಸೆಂಬರ್ 23ರಂದು ಜರ್ಮನಿಯ ಲೆವರ್‌ಕುಸೆನ್‌ನಲ್ಲಿ, ಐ.ಜಿ. ಫಾರ್ಬೆನ್ ಸಂಸ್ಥೆಯ ಪ್ರಯೋಗಾಲಯದಲ್ಲಿ, ಕೀಟನಾಶಕವನ್ನು ಹುಡುಕುತ್ತಿದ್ದ ಗೆರ್‌ಹಾರ್ಡ್ ಶ್ರೇಡರ್ ಎಂಬ ರಸಾಯನಶಾಸ್ತ್ರಜ್ಞರು ಹೊಸದೊಂದು ದ್ರವವನ್ನು ತಯಾರಿಸಿದರು. ಮುಂದೆ ಅದಕ್ಕೆ ಟಾಬುನ್ ಎಂಬ ಹೆಸರು ಬಂತು. ಯುದ್ಧಕ್ಕೆಂದು ತಯಾರಾದ ನರವಿಷಗಳಲ್ಲಿ ಅದೇ ಮೊದಲನೆಯದು. ಲೋವಿಯವರು ಯಾವ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ್ದರೋ ಆ ವ್ಯವಸ್ಥೆಯನ್ನೇ ಈ ದ್ರವ ಕೆಡಿಸುತ್ತಿತ್ತು. ಆದರೆ ಶ್ರೇಡರ್ ಅದನ್ನು ತಯಾರಿಸಿದ ದಿನ ಇಬ್ಬರಿಗೂ ಈ ಸಂಬಂಧ ತಿಳಿದಿರಲಿಲ್ಲ.

ಲೋವಿಯವರ ಹೆಸರನ್ನು ಕೇಳಿರುವವರು ಬಹುಮಟ್ಟಿಗೆ ಅವರ ಕನಸಿನ ಕಥೆಯನ್ನು ಕೇಳಿರುತ್ತಾರೆ. ಅಮೆರಿಕದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಔಷಧಶಾಸ್ತ್ರವನ್ನು ಪಾಠಮಾಡುತ್ತ ಬಂದಿರುವ ನಾನೂ ಪ್ರತಿವರ್ಷ ಆ ಕಥೆಯಿಂದಲೇ ಆರಂಭಿಸುತ್ತೇನೆ. ನಿದ್ದೆಗಣ್ಣಿನ ತರಗತಿಯನ್ನು ಎಚ್ಚರಿಸಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಆದರೂ ಆ ಕಥೆ ಲೋವಿಯವರಿಗೆ ಪೂರ್ಣ ನ್ಯಾಯ ಒದಗಿಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅವರ ಕೆಲಸದಲ್ಲಿ ನಮ್ಮ ಊರಿನ ಹೊಲಗದ್ದೆಗಳಿಗೂ ಆಸ್ಪತ್ರೆಯ ವಾರ್ಡುಗಳಿಗೂ ಹತ್ತಿರವಾದ ಭಾಗ ಕನಸಿನ ರಾತ್ರಿಯದಲ್ಲ. ಅದು ಆರು ವರ್ಷಗಳ ಅನಂತರದ ಇನ್ನೊಂದು ಶೋಧನೆಯಲ್ಲಿದೆ.

ಲೋವಿಯವರು ಹುಟ್ಟಿದ್ದು 1873ರ ಜೂನ್ 3ರಂದು, ಫ್ರಾಂಕ್‌ಫರ್ಟ್ ನಗರದಲ್ಲಿ. ತಂದೆ ಯಾಕೋಬ್ ದ್ರಾಕ್ಷಾರಸದ ವ್ಯಾಪಾರಿ, ಮನೆತನ ಯಹೂದಿಗಳದು. ಶಾಲೆಯಲ್ಲಿ ಹುಡುಗನಿಗೆ ಗ್ರೀಕ್ ಮತ್ತು ಲ್ಯಾಟಿನ್ ಮೇಲೆ ಒಲವು, ಕಲೆಯ ಇತಿಹಾಸವನ್ನು ಓದಬೇಕೆಂಬ ಆಸೆ. ಅದರಿಂದ ಹೊಟ್ಟೆ ತುಂಬದು ಎಂದು ಹಿರಿಯರು ವೈದ್ಯಕೀಯಕ್ಕೆ ಒಪ್ಪಿಸಿದರು. (ಇದು ನಮ್ಮ ಮನೆಗಳಲ್ಲಿಯೂ ನಡೆಯುವ ಮಾತುಕತೆಯೇ.) 1891ರಲ್ಲಿ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾನಿಲಯವನ್ನು ಸೇರಿದ ಲೋವಿಯವರು ವೈದ್ಯಕೀಯ ತರಗತಿಗಳನ್ನು ತಪ್ಪಿಸಿಕೊಂಡು ತತ್ತ್ವಶಾಸ್ತ್ರದ ಮತ್ತು ವಾಸ್ತುಶಿಲ್ಪದ ಉಪನ್ಯಾಸಗಳಿಗೆ ಹೋಗಿ ಕುಳಿತುಕೊಳ್ಳುತ್ತಿದ್ದರು. ಕೊನೆಗೆ ಔಷಧಶಾಸ್ತ್ರದ ಪಿತಾಮಹರೆನಿಸಿದ ಓಸ್ವಾಲ್ಡ್ ಶ್ಮೀಡೆಬರ್ಗ್ ಅವರ ಕೈಕೆಳಗೆ, ಕಪ್ಪೆಯ ಬಿಡಿ ಹೃದಯದ ಮೇಲೆ ಔಷಧಗಳ ಪರಿಣಾಮವನ್ನು ಕುರಿತು ಪ್ರಬಂಧ ಬರೆದು 1896ರಲ್ಲಿ ಪದವಿ ಪಡೆದರು. ದೇಹದಿಂದ ಬೇರ್ಪಡಿಸಿದ ಕಪ್ಪೆಯ ಹೃದಯ ಲವಣದ್ರಾವಣದಲ್ಲಿ ಗಂಟೆಗಟ್ಟಲೆ ಮಿಡಿಯುತ್ತಲೇ ಇರುತ್ತದೆ. ಆ ಉಪಕರಣದ ಪರಿಚಯ ಅಂದು ಆದದ್ದು ಮುಂದೆ ಕಾಲು ಶತಮಾನದ ಬಳಿಕ ಫಲ ಕೊಟ್ಟಿತು.

ವೈದ್ಯರಾಗಿ ಅವರು ಬಹುಕಾಲ ನಿಲ್ಲಲಿಲ್ಲ. ಫ್ರಾಂಕ್‌ಫರ್ಟಿನ ನಗರ ಆಸ್ಪತ್ರೆಯಲ್ಲಿ ಕ್ಷಯ ಮತ್ತು ನ್ಯುಮೋನಿಯಾ ರೋಗಿಗಳು ಒಬ್ಬರಾದ ಮೇಲೊಬ್ಬರು ಸಾಯುತ್ತಿದ್ದರು, ಕೊಡಲು ಮದ್ದಿರಲಿಲ್ಲ. ನೋಡುತ್ತ ನಿಲ್ಲುವುದು ತಮ್ಮಿಂದಾಗದು ಎಂದು ಅವರು ಸಂಶೋಧನೆಗೆ ತಿರುಗಿದರು. 1898ರಲ್ಲಿ ಮಾರ್ಬುರ್ಗ್‌ನಲ್ಲಿ ಹಾನ್ಸ್ ಹೋರ್ಸ್ಟ್ ಮೇಯರ್ ಅವರ ಸಹಾಯಕರಾದರು. ಪ್ರಾಣಿದೇಹವು ಪ್ರೋಟೀನಿನ ಒಡೆದ ತುಣುಕುಗಳಿಂದಲೇ ತನ್ನ ಪ್ರೋಟೀನನ್ನು ಮತ್ತೆ ಕಟ್ಟಿಕೊಳ್ಳಬಲ್ಲದು ಎಂದು 1902ರಲ್ಲಿ ತೋರಿಸಿ ಹೆಸರು ಪಡೆದರು. ಅದೇ ಕಾಲದಲ್ಲಿ ಇಂಗ್ಲೆಂಡಿಗೆ ಹೋಗಿ, ಲಂಡನ್ನಿನಲ್ಲಿ ಸ್ಟಾರ್ಲಿಂಗ್ ಅವರ ಪ್ರಯೋಗಾಲಯದಲ್ಲಿ ತಮಗಿಂತ ಎರಡು ವರ್ಷ ಕಿರಿಯರಾದ ಹೆನ್ರಿ ಡೇಲ್ ಅವರನ್ನು ಕಂಡರು. ಆ ಸ್ನೇಹ 60 ವರ್ಷ ಬಾಳಿತು. 1905ರಲ್ಲಿ ವಿಯೆನ್ನಾ, 1908ರಲ್ಲಿ ಗುಯಿಡಾ ಗೋಲ್ಡ್‌ಶ್ಮೀಟ್ ಅವರೊಡನೆ ವಿವಾಹ, 1909ರಲ್ಲಿ ಗ್ರಾತ್ಸ್‌ನ ಪ್ರಾಧ್ಯಾಪಕಪೀಠ. ಮೂವರು ಗಂಡುಮಕ್ಕಳು, ಒಬ್ಬ ಮಗಳು.

ಆ ಕಾಲದ ದೊಡ್ಡ ಪ್ರಶ್ನೆ ಇದು. ನರತಂತುವಿನ ಉದ್ದಕ್ಕೂ ಸಂಕೇತ ವಿದ್ಯುತ್ತಿನ ರೂಪದಲ್ಲಿ ಹರಿಯುತ್ತದೆ ಎಂಬುದು ಗೊತ್ತಿತ್ತು. ಆದರೆ ನರವು ಮುಗಿದು ಸ್ನಾಯುವೋ ಗ್ರಂಥಿಯೋ ಆರಂಭವಾಗುವಲ್ಲಿ ಏನಾಗುತ್ತದೆ? ವಿದ್ಯುತ್ತು ನೇರವಾಗಿ ಹಾರುತ್ತದೆ ಎಂಬುದೇ ಬಹುಜನರ ನಂಬಿಕೆ. ನರದ ತುದಿಯಿಂದ ರಾಸಾಯನಿಕವೊಂದು ಒಸರುತ್ತಿರಬಹುದು ಎಂದು 1904ರಲ್ಲಿ ಕೇಂಬ್ರಿಡ್ಜಿನ ಎಲಿಯಟ್ ಸೂಚಿಸಿದ್ದರು. ಲೋವಿಯವರೂ 1903ರಲ್ಲಿ ಮಿತ್ರರಾದ ವಾಲ್ಟರ್ ಫ್ಲೆಚರ್ ಅವರೊಡನೆ ಇಂಥದೇ ಊಹೆಯನ್ನು ಹಂಚಿಕೊಂಡಿದ್ದರು. ಪರೀಕ್ಷಿಸುವ ದಾರಿ ಹೊಳೆಯದೆ ಮರೆತುಬಿಟ್ಟರು. ಡೇಲ್ ಅವರು 1914ರಲ್ಲಿ ಅಸಿಟೈಲ್‌ಕೋಲಿನ್ ಎಂಬ ವಸ್ತುವಿನ ಪರಿಣಾಮಗಳು ಕೆಲವು ನರಗಳ ಪರಿಣಾಮವನ್ನು ತದ್ವತ್ತಾಗಿ ಹೋಲುತ್ತವೆ ಎಂದು ವಿವರವಾಗಿ ಬರೆದರು. ಆದರೆ ಆ ವಸ್ತು ಪ್ರಾಣಿದೇಹದಲ್ಲಿ ಇದೆಯೆಂಬುದಕ್ಕೆ ಆಗ ಪುರಾವೆ ಇರಲಿಲ್ಲ.

ಇನ್ನು ಕನಸು. ಲೋವಿಯವರೇ ನೆನೆದುಕೊಂಡಂತೆ, ಅದು 1920ರ ಈಸ್ಟರ್ ಹಬ್ಬದ ಹಿಂದಿನ ರಾತ್ರಿ. ನಡುರಾತ್ರಿ ಎಚ್ಚರಗೊಂಡು ಹೊಳೆದದ್ದನ್ನು ಚೀಟಿಯೊಂದರಲ್ಲಿ ಗೀಚಿ ಮಲಗಿದರು. ಬೆಳಗ್ಗೆ ನೋಡಿದರೆ ತಮ್ಮ ಅಕ್ಷರ ತಮಗೇ ಓದಲಾಗಲಿಲ್ಲ. ಇಡೀ ದಿನ ಆ ಗೀಚನ್ನು ನೋಡುತ್ತ ಕಳೆದರು. ಮರುರಾತ್ರಿ ಮೂರು ಗಂಟೆಗೆ ಅದೇ ವಿಚಾರ ಮರಳಿ ಬಂತು. ಈ ಸಲ ಚೀಟಿಯನ್ನು ನಂಬದೆ, ಎದ್ದು ನೇರವಾಗಿ ಪ್ರಯೋಗಾಲಯಕ್ಕೆ ನಡೆದರು.

ಪ್ರಯೋಗ ಸರಳವಾದದ್ದು. ಎರಡು ಕಪ್ಪೆಗಳ ಹೃದಯಗಳನ್ನು ತೆಗೆದುಕೊಂಡರು. ಒಂದಕ್ಕೆ ವೇಗಸ್ ನರ ಅಂಟಿಕೊಂಡೇ ಇತ್ತು, ಇನ್ನೊಂದಕ್ಕೆ ನರವಿರಲಿಲ್ಲ. ಮಿದುಳಿನ ಬುಡದಿಂದ ಹೊರಟು ಎದೆ, ಹೊಟ್ಟೆಗಳಲ್ಲೆಲ್ಲ ಅಲೆದಾಡುವುದರಿಂದ ಅಲೆಮಾರಿ ಎಂಬರ್ಥದ ಹೆಸರು ಪಡೆದ ಈ ನರವನ್ನು ಪ್ರಚೋದಿಸಿದರೆ ಹೃದಯದ ಬಡಿತ ಇಳಿಯುತ್ತದೆ. ಎರಡೂ ಹೃದಯಗಳಲ್ಲಿ ಲವಣದ್ರಾವಣ ತುಂಬಿತ್ತು. ಮೊದಲ ಹೃದಯದ ನರವನ್ನು ಕೆಲವು ನಿಮಿಷ ಪ್ರಚೋದಿಸಿ, ಬಡಿತ ಇಳಿದ ಬಳಿಕ, ಆ ಹೃದಯದೊಳಗಿನ ದ್ರಾವಣವನ್ನು ಎರಡನೆಯದಕ್ಕೆ ವರ್ಗಾಯಿಸಿದರು. ಯಾವ ನರವೂ ಇಲ್ಲದ ಎರಡನೆಯ ಹೃದಯವೂ ನಿಧಾನವಾಯಿತು. ಬಡಿತವನ್ನು ಏರಿಸುವ ನರವನ್ನು ಪ್ರಚೋದಿಸಿದಾಗಿನ ದ್ರಾವಣ ಬಡಿತವನ್ನು ಏರಿಸಿತು. ಹಾಗಾದರೆ ನರದ ತುದಿಯಿಂದ ದ್ರಾವಣಕ್ಕೆ ಏನೋ ಇಳಿದಿರಲೇಬೇಕು. 1921ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ಈ ವಸ್ತುವಿನ ಗುರುತನ್ನು ಅವಸರದಿಂದ ಹೇಳಲಿಲ್ಲ. ಮುಂದೆ ವೇಗಸ್ ವಸ್ತು ಎಂದಷ್ಟೇ ಕರೆದರು. ಅದು ಅಸಿಟೈಲ್‌ಕೋಲಿನ್ ಎಂಬುದು ಮುಂದಿನ ವರ್ಷಗಳಲ್ಲಿ ಸ್ಥಿರವಾಯಿತು. 1929ರಲ್ಲಿ ಡೇಲ್ ಮತ್ತು ಡಡ್ಲಿ ಅವರು ಎತ್ತು, ಕುದುರೆಗಳ ಗುಲ್ಮದಿಂದ ಅದನ್ನು ಬೇರ್ಪಡಿಸಿ, ಪ್ರಾಣಿದೇಹದಲ್ಲಿ ಅದು ಸಹಜವಾಗಿಯೇ ಇದೆಯೆಂದು ತೋರಿಸಿದರು.

ಎಲ್ಲರೂ ಒಪ್ಪಿಬಿಡಲಿಲ್ಲ. ಬೇರೆ ಪ್ರಯೋಗಾಲಯಗಳಲ್ಲಿ ಕೆಲವರಿಗೆ ಪ್ರಯೋಗ ಕೈಗೂಡಲಿಲ್ಲ; ಕೈಗೂಡದವರು ಮೂಲವನ್ನೇ ಸಂದೇಹಿಸಿದರು. 1926ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಶರೀರಕ್ರಿಯಾಶಾಸ್ತ್ರ ಸಮ್ಮೇಳನದಲ್ಲಿ ಲೋವಿಯವರು ನೆರೆದವರ ಕಣ್ಣೆದುರಿಗೇ ಇದನ್ನು ಮಾಡಿ ತೋರಿಸಬೇಕಾಯಿತು. ಒಂದೇ ಹೃದಯದಲ್ಲಿ 18 ಬಾರಿ ತೋರಿಸಿದರು. ನರವಿಜ್ಞಾನಿಗಳ ನಡುವೆ ವಿದ್ಯುತ್ ಪಕ್ಷ ಮತ್ತು ರಾಸಾಯನಿಕ ಪಕ್ಷಗಳ ಈ ಜಗಳ ಇನ್ನೂ 25 ವರ್ಷ ನಡೆಯಿತು. ವಿದ್ಯುತ್ ಪಕ್ಷದ ಮುಂದಾಳಾಗಿದ್ದ ಜಾನ್ ಎಕಲ್ಸ್ ಅವರು 1950ರ ದಶಕದ ಆರಂಭದಲ್ಲಿ ತಮ್ಮದೇ ಪ್ರಯೋಗದ ಫಲಿತಾಂಶವನ್ನು ಕಂಡು ಪಕ್ಷ ಬದಲಿಸಿದರು.

ನಾನು ಮುಖ್ಯವೆಂದು ಹೇಳಿದ ಶೋಧನೆಯೂ 1926ರದೇ. ಲೋವಿಯವರನ್ನು ಕಾಡಿದ ಪ್ರಶ್ನೆ: ವೇಗಸ್ ವಸ್ತು ಹೊರಬಿದ್ದ ಮೇಲೆ ಎಲ್ಲಿಗೆ ಹೋಗುತ್ತದೆ? ಅದು ಅಲ್ಲಿಯೇ ಉಳಿದರೆ ಹೃದಯ ಮತ್ತೆ ವೇಗ ಪಡೆಯುವುದೇ ಸಾಧ್ಯವಿಲ್ಲ. ಸಹೋದ್ಯೋಗಿ ನವ್ರಾಟಿಲ್ ಅವರೊಡನೆ ಅವರು ಹೃದಯದ ಅಂಗಾಂಶವನ್ನು ಅರೆದು ಸಾರ ತೆಗೆದರು. ಆ ಸಾರದಲ್ಲಿ ವೇಗಸ್ ವಸ್ತುವನ್ನು ಬೆರೆಸಿದರೆ ಅದು ಬೇಗನೆ ನಿಷ್ಕ್ರಿಯವಾಗುತ್ತಿತ್ತು. ಸಾರವನ್ನು ಮೊದಲು ಕಾಯಿಸಿಬಿಟ್ಟರೆ ಆ ಶಕ್ತಿ ಹೋಗುತ್ತಿತ್ತು. ಅಂದರೆ ಒಡೆಯುವ ಕೆಲಸ ಕಿಣ್ವವೊಂದರದು. ಅದೇ ನಾವು ಈಗ ಕೋಲಿನೆಸ್ಟರೇಸ್ ಎಂದು ಕರೆಯುವ ಕಿಣ್ವ. ಮತ್ತೂ ಒಂದು ಸಂಗತಿ ಕಂಡುಬಂತು: ಎಸೆರಿನ್ ಎಂಬ ಸಸ್ಯವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಸೇರಿಸಿದರೂ ಕಿಣ್ವ ಕೆಲಸ ನಿಲ್ಲಿಸುತ್ತಿತ್ತು, ವೇಗಸ್ ವಸ್ತು ಒಡೆಯದೆ ಉಳಿದು ತನ್ನ ಪರಿಣಾಮವನ್ನು ಮುಂದುವರಿಸುತ್ತಿತ್ತು.

ಎಸೆರಿನ್ ಬರುವುದು ಕಲಬಾರ್ ಬೀಜದಿಂದ. ಇಂದಿನ ನೈಜೀರಿಯದ ಕಲಬಾರ್ ಪ್ರದೇಶದಲ್ಲಿ ಆರೋಪಿಗಳಿಗೆ ಈ ಬೀಜದ ಕಷಾಯ ಕುಡಿಸಿ, ಬದುಕಿದರೆ ನಿರಪರಾಧಿ ಎಂದು ತೀರ್ಪುಕೊಡುವ ಪದ್ಧತಿಯಿತ್ತು. ನಮ್ಮ ಹಳೆಯ ದಿವ್ಯಪರೀಕ್ಷೆಗಳ ಜಾತಿಯದು. ಎಡಿನ್‌ಬರೊದ ವೈದ್ಯರು 19ನೇ ಶತಮಾನದಲ್ಲಿ ಅದನ್ನು ತರಿಸಿ ಪರೀಕ್ಷಿಸಿದರು, ಕ್ರಿಸ್ಟಿಸನ್ ಎಂಬವರು ತಾವೇ ತಿಂದು ನೋಡಿದರು. ಅದು ಕೊಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಹೇಗೆ ಕೊಲ್ಲುತ್ತದೆ ಎಂಬುದು ಗೊತ್ತಾದದ್ದು ಗ್ರಾತ್ಸ್‌ನಲ್ಲಿ. ಒಂದು ವಿಷ ಒಂದು ನಿರ್ದಿಷ್ಟ ಕಿಣ್ವವನ್ನು ಹಿಡಿದು ನಿಲ್ಲಿಸಿ ತನ್ನ ಕೆಲಸ ಮಾಡುತ್ತದೆ ಎಂದು ಇಷ್ಟು ಸ್ಪಷ್ಟವಾಗಿ ತೋರಿದ ಮೊದಮೊದಲ ನಿದರ್ಶನಗಳಲ್ಲಿ ಇದು ಒಂದು. ನನ್ನ ದೃಷ್ಟಿಯಲ್ಲಿ ಎರಡು ಹೃದಯಗಳ ಪ್ರಯೋಗಕ್ಕಿಂತ ಇದು ದೊಡ್ಡದು, ಇದಕ್ಕೆ ಕನಸಿನ ಅಲಂಕಾರ ಇಲ್ಲದಿರುವುದರಿಂದ ಯಾರೂ ಹೇಳುವುದಿಲ್ಲ.

ದೇಹದಲ್ಲಿ ನಡೆಯುವುದನ್ನು ಸ್ವಲ್ಪ ಬಿಡಿಸಿ ನೋಡೋಣ. ನರದ ತುದಿಗೂ ಅದು ಆಳುವ ಕೋಶಕ್ಕೂ ನಡುವೆ ಬಲು ಕಿರಿದಾದ ಸಂದು ಇದೆ. ಮಿಲಿಮೀಟರಿನ ಲಕ್ಷದಲ್ಲಿ ಕೆಲವು ಭಾಗಗಳಷ್ಟು ಅಗಲ. ಸಂಕೇತ ತುದಿಗೆ ಬಂದಾಗ ಅಲ್ಲಿನ ಸಣ್ಣ ಚೀಲಗಳು ಬಿರಿದು ಅಸಿಟೈಲ್‌ಕೋಲಿನ್ ಸಂದಿಗೆ ಸುರಿಯುತ್ತದೆ, ಆಚೆಯ ದಡದ ಗ್ರಾಹಕಗಳ ಮೇಲೆ ಕೂರುತ್ತದೆ, ಕೋಶ ಪ್ರತಿಕ್ರಿಯಿಸುತ್ತದೆ. ಬಳಿಕ ಸಂದು ತೆರವಾಗಬೇಕು. ಇಲ್ಲವಾದರೆ ಮುಂದಿನ ಸಂಕೇತಕ್ಕೆ ಅರ್ಥವೇ ಇಲ್ಲ. ಕೋಲಿನೆಸ್ಟರೇಸ್‌ನ ಒಂದೊಂದು ಅಣುವೂ ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳನ್ನು ಕತ್ತರಿಸಿ ಹಾಕುತ್ತದೆ. ಈ ವ್ಯವಸ್ಥೆಯ ಯಾವ ಮೆಟ್ಟಿಲನ್ನಾದರೂ ವಿಷ ಕೆಡಿಸಬಹುದು. ದಕ್ಷಿಣ ಅಮೆರಿಕದ ಬಾಣದ ವಿಷವಾದ ಕ್ಯುರಾರೆ ಸ್ನಾಯುವಿನ ಗ್ರಾಹಕದ ಮೇಲೆ ತಾನೇ ಕುಳಿತು ಜಾಗ ಕೊಡುವುದಿಲ್ಲ. ಕೆಟ್ಟ ಡಬ್ಬಿ ಆಹಾರದಲ್ಲಿ ಹುಟ್ಟುವ ಬೊಟುಲಿನಮ್ ವಿಷ ಚೀಲಗಳನ್ನೇ ಬಿರಿಯಗೊಡುವುದಿಲ್ಲ. ಡಿಡಿಟಿ ಸಂದಿನವರೆಗೂ ಬರುವುದಿಲ್ಲ, ನರತಂತುವಿನ ಸೋಡಿಯಂ ದ್ವಾರಗಳು ಮುಚ್ಚದಂತೆ ತಡೆದು ಸಂಕೇತವನ್ನು ಮತ್ತೆ ಮತ್ತೆ ಹಾರಿಸುತ್ತದೆ. ದಕ್ಷಿಣ ಕನ್ನಡ, ಕಾಸರಗೋಡುಗಳ ಗೇರುತೋಟಗಳ ಕಾರಣದಿಂದ ನಮಗೆಲ್ಲ ಹೆಸರು ಗೊತ್ತಿರುವ ಎಂಡೋಸಲ್ಫಾನ್, ಮಿದುಳಿನಲ್ಲಿ ಸಂಕೇತಗಳಿಗೆ ಕಡಿವಾಣ ಹಾಕುವ ಗ್ಯಾಬಾ ಎಂಬ ಇನ್ನೊಂದು ವಾಹಕದ ಗ್ರಾಹಕವನ್ನು ತಡೆಯುತ್ತದೆ. ಅದರ ತೀವ್ರ ವಿಷಬಾಧೆಯಲ್ಲಿ ಅಪಸ್ಮಾರದಂಥ ಸೆಳವು ಬರುವುದು ಅದಕ್ಕೇ.

ಎಸೆರಿನ್ ಹಿಡಿದ ದಾರಿಯಲ್ಲೇ ಹೋಗುವುವು ಕಾರ್ಬಮೇಟ್ ಮತ್ತು ಆರ್ಗನೋಫಾಸ್ಫೇಟ್ ಎಂಬ ಎರಡು ಗುಂಪುಗಳು. ಕಾರ್ಬಮೇಟ್ ಕಿಣ್ವವನ್ನು ಕೆಲವು ಗಂಟೆ ಹಿಡಿದು ಬಿಡುತ್ತದೆ. ಆರ್ಗನೋಫಾಸ್ಫೇಟ್‌ನ ಹಿಡಿತ ಬಲವಾದದ್ದು. ಹೊತ್ತು ಕಳೆದಂತೆ ಬಿಡಿಸಲಾಗದ ಗಂಟಾಗುತ್ತದೆ, ದೇಹ ಹೊಸ ಕಿಣ್ವವನ್ನೇ ತಯಾರಿಸಿಕೊಳ್ಳಬೇಕು. ಆ ತನಕ ಸಂದುಗಳಲ್ಲೆಲ್ಲ ಅಸಿಟೈಲ್‌ಕೋಲಿನ್ ತುಂಬಿ ತುಳುಕುತ್ತದೆ. ಜೊಲ್ಲು, ಕಣ್ಣೀರು, ಬೆವರು ಹರಿಯುತ್ತವೆ, ವಾಂತಿ, ಭೇದಿ ಆಗುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ನಾಡಿ ಇಳಿಯುತ್ತದೆ, ಶ್ವಾಸನಾಳಗಳು ಬಿಗಿದು ನೀರು ತುಂಬಿಕೊಳ್ಳುತ್ತದೆ. ಮೈಯ ಸ್ನಾಯುಗಳು ಮೊದಲು ಅಲ್ಲಲ್ಲಿ ಅದುರುತ್ತವೆ, ಆಮೇಲೆ ಸೋತುಹೋಗುತ್ತವೆ. ಉಸಿರಾಟದ ಸ್ನಾಯುಗಳೂ ಹಾಗೆ ಸೋತಾಗ ಸಾವು ಬರುತ್ತದೆ.

ಈ ಪಟ್ಟಿಯನ್ನು ನಾನು ಪುಸ್ತಕದಿಂದ ಕಲಿಯುವುದಕ್ಕಿಂತ ಮೊದಲು ಉತ್ತರ ಕರ್ನಾಟಕದ ಒಂದು ಸರಕಾರಿ ಆಸ್ಪತ್ರೆಯಲ್ಲಿ ಕಂಡಿದ್ದೆ. ಹತ್ತಿಗೆ ಹುಳ ಬಿದ್ದ ತಿಂಗಳುಗಳಲ್ಲಿ ರಾತ್ರಿಪಾಳಿಗೆ ಬಂದ ಕಿರಿಯ ವೈದ್ಯರಾದ ನಮಗೆ ಅಂಥ ರೋಗಿಗಳು ಬಂದೇ ಬರುತ್ತಾರೆಂಬುದು ತಿಳಿದಿರುತ್ತಿತ್ತು. ಗಾಳಿಗೆ ಎದುರಾಗಿ ನಿಂತು ಬರಿಮೈಯಲ್ಲಿ ಸಿಂಪಡಿಸಿದವರು ಕೆಲವರು. ಬದುಕು ಸಾಕೆಂದು ಡಬ್ಬಿ ಎತ್ತಿದವರು ಹಲವರು. ಹಾಸಿಗೆಯ ಸುತ್ತ ಬೆಳ್ಳುಳ್ಳಿಯಂಥ ವಾಸನೆ. ರೋಗಿಯ ಅಣ್ಣನೋ ಮಾವನೋ ಬಾಗಿಲ ಹತ್ತಿರ ಕೈಮುಗಿದು ನಿಂತು ಸಾಹೇಬರೇ ಎನ್ನುವುದಕ್ಕಿಂತ ಹೆಚ್ಚು ಮಾತು ಹೊರಡದೆ ನಿಂತಿರುತ್ತಿದ್ದ. ನಮ್ಮ ಕೈಯಲ್ಲಿದ್ದದ್ದು ಅಟ್ರೋಪಿನ್. ಚುಚ್ಚುವುದು, ಎದೆಗೆ ನಳಿಕೆಯಿಟ್ಟು ಕೇಳುವುದು, ಶ್ವಾಸಕೋಶ ಒಣಗಿಲ್ಲವಾದರೆ ಮತ್ತೆ ಚುಚ್ಚುವುದು. ಬೆಳಗಿನ ತನಕ ಇದೇ. ಒಂದೇ ರೋಗಿಗೆ ಖಾಲಿಯಾದ ಆಂಪೂಲ್‌ಗಳು ತಟ್ಟೆಯಲ್ಲಿ ರಾಶಿಬೀಳುತ್ತಿದ್ದವು. ಅಟ್ರೋಪಿನ್ ಗ್ರಾಹಕಗಳನ್ನು ಮುಚ್ಚಿ ಅಸಿಟೈಲ್‌ಕೋಲಿನ್‌ನ ಪ್ರವಾಹದಿಂದ ಹೃದಯ, ಶ್ವಾಸಕೋಶಗಳನ್ನು ಕಾಪಾಡುತ್ತದೆ. ಅದು ವೇಗಸ್ ವಸ್ತು ಹೊರಬರುವುದನ್ನು ತಡೆಯುವುದಿಲ್ಲ, ಹೊರಬಂದದ್ದು ಕೆಲಸ ಮಾಡುವುದನ್ನು ಮಾತ್ರ ತಡೆಯುತ್ತದೆ ಎಂಬುದನ್ನೂ ಲೋವಿ ಮತ್ತು ನವ್ರಾಟಿಲ್ ಅವರೇ ಕಪ್ಪೆಯ ಹೃದಯದಲ್ಲಿ ತೋರಿಸಿದ್ದರು. ಆ ರಾತ್ರಿಗಳಲ್ಲಿ ನನಗೆ ಅವರ ಹೆಸರು ಗೊತ್ತಿರಲಿಲ್ಲ. ಬೇಲಿಯ ಬದಿಯ ದತ್ತೂರದಲ್ಲಿಯೂ ಇದೇ ಅಟ್ರೋಪಿನ್ ಬಳಗದ ವಿಷಗಳಿವೆ ಎಂಬುದಷ್ಟು ಗೊತ್ತಿತ್ತು.

ನಮ್ಮ ಹಳ್ಳಿಗಳಲ್ಲಿ ಬೆಳೆಗೆ ಸಿಂಪಡಿಸುವುದಕ್ಕೂ ಔಷಧಿ ಎಂದೇ ಹೇಳುತ್ತಾರೆ, ರೋಗಿಗೆ ಕುಡಿಸುವುದಕ್ಕೂ ಔಷಧಿ ಎಂದೇ. ಔಷಧಿ ಹೊಡೆದ, ಔಷಧಿ ಕುಡಿದ ಎಂಬ ಮಾತುಗಳ ಅರ್ಥ ಸಂದರ್ಭದಿಂದ ತಿಳಿಯಬೇಕು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಇದು ವಿಚಿತ್ರವಾಗಿ ಕೇಳಿಸುತ್ತದೆ. ಔಷಧಶಾಸ್ತ್ರದವನಾದ ನನಗೆ ಇದು ತಪ್ಪು ಬಳಕೆಯೆಂದು ತೋರುವುದಿಲ್ಲ. ಎಸೆರಿನ್ ಕೂಡ ಕಲಬಾರಿನಲ್ಲಿ ಕೊಂದಿತು, ಯೂರೋಪಿನ ಕಣ್ಣಿನ ವೈದ್ಯರ ಕೈಯಲ್ಲಿ ಗ್ಲಾಕೋಮಾಕ್ಕೆ ಮದ್ದಾಯಿತು.

ಶ್ರೇಡರ್ ಅವರ ದ್ರವದ ಕಥೆಗೆ ಮರಳೋಣ. ಆಮದು ಮಾಡಿಕೊಳ್ಳುವ ಕೀಟನಾಶಕಗಳ ಬದಲಿಗೆ ದೇಶೀಯವಾದುವನ್ನು ಕಂಡುಹಿಡಿಯುವುದು ಅವರ ಕೆಲಸವಾಗಿತ್ತು. 1937ರ ಜನವರಿಯಲ್ಲಿ ಆ ವಸ್ತುವನ್ನು ಮತ್ತೆ ತಯಾರಿಸುವಾಗ ಅವರಿಗೂ ಅವರ ಸಹಾಯಕರಿಗೂ ಕಣ್ಣು ಮಂಜಾಯಿತು, ಪಾಪೆ ಕಿರಿದಾಯಿತು, ಉಸಿರು ಕಟ್ಟಿತು. ಚೇತರಿಸಿಕೊಳ್ಳಲು ವಾರಗಳೇ ಹಿಡಿದವು. ಕಲಬಾರ್ ಬೀಜ ತಿಂದವರ ಲಕ್ಷಣಗಳೇ ಅವು. ಇಂಥ ಶೋಧಗಳನ್ನು ಸೈನ್ಯಕ್ಕೆ ತಿಳಿಸಬೇಕೆಂಬ ನಿಯಮವಿತ್ತು, ತಿಳಿಸಲಾಯಿತು. 1938ರಲ್ಲಿ ಸಾರಿನ್ ಎಂಬ ಇನ್ನೂ ತೀಕ್ಷ್ಣವಾದದ್ದು ಹೊರಬಂತು. ಓಡರ್ ನದಿಯ ದಂಡೆಯ ಡೈಹೆರ್ನ್‌ಫುರ್ಟ್‌ನಲ್ಲಿ, ಈಗ ಪೋಲೆಂಡಿಗೆ ಸೇರಿದ ಊರದು, ಕಾರ್ಖಾನೆ ಕಟ್ಟಿ 1942ರಿಂದ ಸುಮಾರು 12,000 ಟನ್ ಟಾಬುನ್ ತಯಾರಿಸಿದರು. ಸೆರೆಶಿಬಿರದ ಬಂದಿಗಳನ್ನೂ ಅಲ್ಲಿ ದುಡಿಸಿಕೊಂಡರು. ಆ ಯುದ್ಧದಲ್ಲಿ ಅದನ್ನು ರಣರಂಗದಲ್ಲಿ ಬಳಸಲಿಲ್ಲ. ಲೋವಿಯವರ ಜ್ಞಾನದಿಂದಲೇ ನರವಿಷ ಹುಟ್ಟಿತು ಎಂದು ಕೆಲವರು ಬರೆಯುವುದುಂಟು, ಅದು ಸರಿಯಲ್ಲ. ಶ್ರೇಡರ್ ಹುಳಗಳನ್ನು ಕೊಲ್ಲಹೊರಟು ಅದರ ಮೇಲೆ ಎಡವಿದರು. ಅದು ಕೋಲಿನೆಸ್ಟರೇಸ್ ಅನ್ನು ಹಿಡಿಯುತ್ತದೆ ಎಂಬುದು ಗೊತ್ತಾದದ್ದು ಆಮೇಲೆ. ಲೋವಿಯವರ ಜ್ಞಾನದಿಂದ ಹುಟ್ಟಿದ್ದು ಚಿಕಿತ್ಸೆ.

ಆ ರಾಜ್ಯವ್ಯವಸ್ಥೆ ಲೋವಿಯವರ ಬಾಗಿಲಿಗೂ ಬಂತು. ವಿಜ್ಞಾನದ ವಲಯದಲ್ಲಿ ಮುನ್ಸೂಚನೆ ಮೊದಲೇ ಇತ್ತು. ಜಿಗಣೆಯ ಸ್ನಾಯುವನ್ನು ಎಸೆರಿನ್‌ನಲ್ಲಿ ನೆನೆಸಿದರೆ ಅದು ಅತ್ಯಲ್ಪ ಅಸಿಟೈಲ್‌ಕೋಲಿನ್‌ಗೂ ಸಂಕುಚಿಸುತ್ತದೆ; ಆ ತಂತ್ರವನ್ನು ಬಲ್ಲ ವಿಲ್‌ಹೆಲ್ಮ್ ಫೆಲ್ಡ್‌ಬರ್ಗ್ ಅವರನ್ನು ಯಹೂದಿಯೆಂದು 1933ರಲ್ಲಿ ಬರ್ಲಿನ್ನಿನ ಕೆಲಸದಿಂದ ತೆಗೆದುಹಾಕಿದ್ದರು. ಅವರು ಲಂಡನ್ನಿಗೆ ಹೋಗಿ ಡೇಲ್ ಅವರ ಪ್ರಯೋಗಾಲಯ ಸೇರಿದರು. ನಾವು ಇಚ್ಛೆಯಂತೆ ಆಡಿಸುವ ಸ್ನಾಯುಗಳಿಗೂ ನರದ ಸಂದೇಶ ತಲುಪುವುದು ಅಸಿಟೈಲ್‌ಕೋಲಿನ್ ಮೂಲಕವೇ ಎಂಬುದು ಅಲ್ಲಿ ಸಿದ್ಧವಾಯಿತು. ಗ್ರಾತ್ಸ್‌ನಲ್ಲಿ ಮಾತ್ರ ಲೋವಿಯವರು ಉಳಿದರು.

1938ರ ಮಾರ್ಚ್ 11ರ ರಾತ್ರಿ ಆಸ್ಟ್ರಿಯಾ ನಾಜಿಗಳ ವಶವಾಯಿತು. ಬೆಳಗಿನ ಜಾವ ಮೂರು ಗಂಟೆಗೆ ಬಂದೂಕು ಹಿಡಿದ ಯುವಕರ ಗುಂಪು 64 ವರ್ಷದ ಪ್ರಾಧ್ಯಾಪಕರನ್ನು ಹಾಸಿಗೆಯಿಂದೆಬ್ಬಿಸಿ ಸೆರೆಮನೆಗೆ ಒಯ್ದಿತು. ಇಬ್ಬರು ಗಂಡುಮಕ್ಕಳೂ ಬಂಧಿತರಾದರು. ಕೊಲ್ಲುತ್ತಾರೆಂದೇ ಅವರು ನಂಬಿದ್ದರು. ಆಗ ಅವರನ್ನು ಕಾಡಿದ ಚಿಂತೆಗಳಲ್ಲಿ ಒಂದು, ಮುಗಿದರೂ ಪ್ರಕಟವಾಗದೆ ಉಳಿದ ಕೊನೆಯ ಪ್ರಯೋಗಗಳ ಫಲಿತಾಂಶ. ಕಾವಲುಗಾರನಿಂದ ಅಂಚೆಕಾರ್ಡೊಂದನ್ನು ಪಡೆದು, ಫಲಿತಾಂಶವನ್ನು ಅದರಲ್ಲಿ ಅಡಕವಾಗಿ ಬರೆದು ವಿಜ್ಞಾನಪತ್ರಿಕೆಯೊಂದಕ್ಕೆ ಕಳುಹಿಸಿದರು. ಕಾರ್ಡು ಹೋಯಿತೆಂದು ತಿಳಿದಾಗ ದೊಡ್ಡ ಭಾರ ಇಳಿದಂತಾಯಿತೆಂದು ಮುಂದೆ ಬರೆದುಕೊಂಡರು.

ಎರಡು ತಿಂಗಳ ಬಳಿಕ ಬಿಡುಗಡೆಯಾಯಿತು. ದೇಶ ಬಿಡಬೇಕಾದರೆ ಒಂದು ಬೆಲೆ ತೆರಬೇಕಿತ್ತು: ಸ್ಟಾಕ್‌ಹೋಮ್‌ನ ಬ್ಯಾಂಕಿನಲ್ಲಿದ್ದ ನೊಬೆಲ್ ಹಣವನ್ನು ನಾಜಿಗಳ ಹಿಡಿತದ ಬ್ಯಾಂಕಿಗೆ ವರ್ಗಾಯಿಸುವಂತೆ ಸ್ವತಃ ಆದೇಶ ಕೊಡಬೇಕಾಯಿತು. ಬಹುಮಟ್ಟಿಗೆ ಬರಿಗೈಯಲ್ಲಿ 1938ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿಗೆ ಹೊರಟರು. ಹೆಂಡತಿಯನ್ನು ಬಿಡಲಿಲ್ಲ; ಆಕೆ ಮರಳಿ ಅವರನ್ನು ಸೇರಲು 1941ರವರೆಗೆ ಕಾಯಬೇಕಾಯಿತು. ಬ್ರಸೆಲ್ಸ್‌ನಲ್ಲಿ ಒಂದಿಷ್ಟು ಕಾಲ, ಆಕ್ಸ್‌ಫರ್ಡಿನಲ್ಲಿ ಒಂದಿಷ್ಟು ಕಾಲ ಕಳೆದು, 1940ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ವೈದ್ಯಕೀಯ ಕಾಲೇಜಿನ ಕರೆಯ ಮೇಲೆ ಅಮೆರಿಕಕ್ಕೆ ಬಂದರು.

ಬಂದಿಳಿದ ದಿನದ ಪ್ರಸಂಗವೊಂದನ್ನು ಅವರು ನೆನೆಸಿಕೊಂಡು ನಗುತ್ತಿದ್ದರು. ವೀಸಾ ಕೊಟ್ಟ ಕಚೇರಿಯ ವೈದ್ಯರ ಪ್ರಮಾಣಪತ್ರ ಮುಚ್ಚಿದ ಲಕೋಟೆಯಲ್ಲಿತ್ತು. ಬಂದರಿನಲ್ಲಿ ವಲಸೆ ಅಧಿಕಾರಿ ಅದನ್ನು ತೆರೆದಿಟ್ಟಾಗ ಮೇಜಿನ ಈಚೆಯಿಂದಲೇ ಲೋವಿಯವರು ಓದಿಬಿಟ್ಟರು: ಮುಪ್ಪಿನಿಂದ ಬುದ್ಧಿ ಮಂಕಾಗಿದೆ, ಸಂಪಾದಿಸಿ ಬದುಕುವ ಶಕ್ತಿಯಿಲ್ಲ ಎಂಬ ತಾತ್ಪರ್ಯ. ನಾಲ್ಕು ವರ್ಷ ಮೊದಲು ನೊಬೆಲ್ ಪಡೆದವರ ಬಗ್ಗೆ! ಅಧಿಕಾರಿ ಅದನ್ನು ಲೆಕ್ಕಕ್ಕಿಡದೆ ಒಳಗೆ ಬಿಟ್ಟ. ಅಂಥ ಮೇಜಿನ ಮುಂದೆ ಕಾಗದಗಳ ಕಟ್ಟು ಹಿಡಿದು ನಿಂತಿರುವ ನಮ್ಮಂಥವರಿಗೆ ಅವರ ಆ ಕ್ಷಣದ ನಾಡಿಬಡಿತವನ್ನು ಊಹಿಸುವುದು ಕಷ್ಟವಲ್ಲ. ಆಗ ಅವರ ಹೃದಯಕ್ಕೆ ಸಂದೇಶ ಕೊಡುತ್ತಿದ್ದದ್ದು ವೇಗಸ್ ನರ ಆಗಿರಲಾರದು.

1946ರಲ್ಲಿ ಅವರು ಅಮೆರಿಕದ ಪೌರರಾದರು. ದೊಡ್ಡ ಶೋಧನೆಗಳ ಕಾಲ ಮುಗಿದಿತ್ತು. ಪಾಠ, ಮಾತುಕತೆ, ಬೇಸಗೆಯಲ್ಲಿ ಸಮುದ್ರತೀರದ ವುಡ್ಸ್ ಹೋಲ್ ಪ್ರಯೋಗಾಲಯದಲ್ಲಿ ಕಿರಿಯರೊಡನೆ ಹರಟೆ, ಸಂಗೀತ, ಚಿತ್ರಕಲೆ. ಕಲೆಯ ಇತಿಹಾಸ ಓದಬೇಕೆಂದಿದ್ದ ಹುಡುಗ ಅವರಲ್ಲಿ ಕೊನೆಯವರೆಗೂ ಇದ್ದ.

ಈ ನಡುವೆ ಆರ್ಗನೋಫಾಸ್ಫೇಟ್‌ಗಳು ಯುದ್ಧಭಂಡಾರದಿಂದ ಹೊಲಕ್ಕೆ ನಡೆದು ಬಂದಿದ್ದವು. ಶ್ರೇಡರ್ ಅವರೇ ಯುದ್ಧದ ಕೊನೆಯಲ್ಲಿ ತಯಾರಿಸಿದ ಪ್ಯಾರಾಥಯಾನ್, ಫಾಲಿಡಾಲ್ ಎಂಬ ಹೆಸರಿನಲ್ಲಿ ಭಾರತಕ್ಕೂ ಬಂತು. ನಮ್ಮ ಹಳ್ಳಿಗಳಲ್ಲಿ ಒಂದು ತಲೆಮಾರಿಗೆ ಆ ಹೆಸರು ಕೀಟನಾಶಕಕ್ಕೆ ಪರ್ಯಾಯಪದವೇ ಆಗಿಹೋಯಿತು. 1958ರಲ್ಲಿ ಹಡಗಿನಲ್ಲಿ ಗೋಧಿಹಿಟ್ಟಿನೊಡನೆ ಸಾಗಿಸಿದ ಈ ದ್ರವ ಸೋರಿ, ಆ ಹಿಟ್ಟು ತಿಂದು ಕೇರಳದಲ್ಲಿ 100ಕ್ಕೂ ಹೆಚ್ಚು ಮಂದಿ ಸತ್ತರು. ಅದರ ವಿಚಾರಣೆಯ ಹಿನ್ನೆಲೆಯಲ್ಲಿಯೇ ಹತ್ತು ವರ್ಷಗಳ ತರುವಾಯ, 1968ರಲ್ಲಿ, ಭಾರತದ ಕೀಟನಾಶಕ ಕಾಯಿದೆ ಬಂತು.

ಕಿಣ್ವವನ್ನು ವಿಷದ ಹಿಡಿತದಿಂದ ಬಿಡಿಸುವ ಮದ್ದು ಹುಟ್ಟಿದ್ದು ಲೋವಿಯವರು ನೆಲೆಸಿದ್ದ ನ್ಯೂಯಾರ್ಕಿನಲ್ಲಿಯೇ. ಅವರಂತೆಯೇ ನಾಜಿಗಳಿಂದ ತಪ್ಪಿಸಿಕೊಂಡು ಬಂದಿದ್ದ ಡೇವಿಡ್ ನಾಖ್‌ಮಾನ್‌ಸೋನ್ ಅವರು ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಕೋಲಿನೆಸ್ಟರೇಸ್ ಕುರಿತು ಕೆಲಸ ಮಾಡುತ್ತಿದ್ದರು. ಕಿಣ್ವದ ಯಾವ ಮೂಲೆಗೆ ವಿಷ ಅಂಟಿಕೊಳ್ಳುತ್ತದೆ ಎಂಬುದನ್ನು ಊಹಿಸಿ, ಆ ಮೂಲೆಗೆ ಸರಿಹೊಂದುವ ಅಣುವನ್ನು ಅಲ್ಲಿನ ಅರ್ವಿನ್ ವಿಲ್ಸನ್ ಅವರು 1955ರಲ್ಲಿ ರೂಪಿಸಿದರು. ಪ್ರಾಲಿಡಾಕ್ಸಿಮ್ ಎಂಬ ಆ ಮದ್ದು ಗಂಟು ಬಿಗಿಯುವುದಕ್ಕೆ ಮೊದಲು ತಲುಪಿದರೆ ವಿಷವನ್ನು ಕಿತ್ತು ಕಿಣ್ವವನ್ನು ಬಿಡಿಸುತ್ತದೆ. ರೈತ ರೋಗಿಗಳಲ್ಲಿ ಅದರಿಂದ ಎಷ್ಟು ಪ್ರಯೋಜನ ಎಂಬ ಚರ್ಚೆ ಭಾರತ, ಶ್ರೀಲಂಕಾಗಳ ಪ್ರಯೋಗಗಳ ಬಳಿಕವೂ ಮುಗಿದಿಲ್ಲ; ಹಳ್ಳಿಯಿಂದ ಆಸ್ಪತ್ರೆಗೆ ಬರುವಷ್ಟರಲ್ಲಿ ಗಂಟು ಬಿಗಿದಿರುವುದೇ ಹೆಚ್ಚು. ಅಟ್ರೋಪಿನ್ ಮತ್ತು ಉಸಿರಾಟದ ಯಂತ್ರ, ಇವೆರಡೇ ಇಂದಿಗೂ ಚಿಕಿತ್ಸೆಯ ಕಂಬಗಳು.

1958ರಲ್ಲಿ ಗುಯಿಡಾ ತೀರಿಕೊಂಡರು. ಒಟ್ಟೊ ಲೋವಿಯವರು 1961ರ ಡಿಸೆಂಬರ್ 25ರಂದು ನ್ಯೂಯಾರ್ಕಿನಲ್ಲಿ, 88ನೇ ವಯಸ್ಸಿನಲ್ಲಿ ಕೊನೆಯುಸಿರೆಳೆದರು. ಲಂಡನ್ನಿನ ರಾಯಲ್ ಸೊಸೈಟಿ 1954ರಲ್ಲಿ ಅವರನ್ನು ವಿದೇಶೀ ಸದಸ್ಯರನ್ನಾಗಿ ಮಾಡಿಕೊಂಡಿತ್ತು. ಸದಸ್ಯರು ತೀರಿಕೊಂಡಾಗ ಅವರ ಜೀವನಚರಿತ್ರೆಯನ್ನು ಬರೆಸಿ ಪ್ರಕಟಿಸುವುದು ಆ ಸಂಸ್ಥೆಯ ವಾಡಿಕೆ. 1962ರಲ್ಲಿ ಲೋವಿಯವರದನ್ನು ಬರೆದುಕೊಟ್ಟವರು ಹೆನ್ರಿ ಡೇಲ್. ಆಗ ಅವರಿಗೆ 87 ವರ್ಷ.